ಗುಂಡಿಗೊಂದು ಸುಂಕ

ಹೋದ ತಿಂಗಳು ಒಂದು ಬೆಳಿಗ್ಗೆ ಹೊಸದುರ್ಗದ ಬಸ್ ಸ್ಟ್ಯಾಂಡಿನ ಹಿಂದಿರುವ ಖಾದರ್ ಸಾಬರ ಇಸ್ತ್ರಿ ಅಂಗಡಿಯಲ್ಲಿ, ಗೋಣಿಚೀಲದ ಪರದೆಯ ಮರೆಯಲ್ಲಿ, ಸೊಂಟಕ್ಕೆ ಟವಲು ಸುತ್ತಿಕೊಂಡು ನಿಂತಿದ್ದೆ. ನನ್ನ ಹತ್ತಿರ ಇರುವ ಒಂದೇ ಒಂದು ಮರ್ಯಾದಸ್ಥ ಪ್ಯಾಂಟು ಅವರ ಮೇಜಿನ ಮೇಲೆ ಅಂಗಾತ ಮಲಗಿತ್ತು. ಅದನ್ನು ತೊಟ್ಟು ಮಧ್ಯಾಹ್ನ ಹೆಣ್ಣು ನೋಡಲು ಹೋಗಬೇಕಿತ್ತು. ನನ್ನ ಮುಖ ನೋಡಿ ಯಾರೂ ಹೆಣ್ಣು ಕೊಡುವುದಿಲ್ಲ, ಪ್ಯಾಂಟಿನ ಗೆರೆ ನೋಡಿಯಾದರೂ ಕೊಡಲಿ ಎಂಬುದು ನಮ್ಮವ್ವನ ಆಸೆ.

ಖಾದರ್ ಸಾಬರು ಇಸ್ತ್ರಿಪೆಟ್ಟಿಗೆಯ ಬಾಯಿ ತೆರೆದು ಇದ್ದಿಲು ತುಂಬಿ, ಗಾಳಿಗೆ ಹಿಂದಕ್ಕೂ ಮುಂದಕ್ಕೂ ತೂಗಿದರು. ಇದ್ದಿಲು ಕೆಂಪಗಾಗುವ ಬದಲು ಹೊಗೆಯಾಡಿತು. ಅರೆಬೆಂದ ಕಟ್ಟಿಗೆಯ, ಕಣ್ಣು ಚುಚ್ಚುವ ವಾಸನೆ. ಅದು ಮೂಗಿಗೆ ತಾಗಿದ್ದೇ ತಡ, ನಾನು ಹೇಳುತ್ತಿದ್ದ ಪೋಲಿ ಜೋಕು ಅರ್ಧಕ್ಕೇ ನಿಂತಿತು. ಪೆಟ್ಟಿಗೆಯಿಂದ ಒಂದು ಕಿಡಿ ಚಟ್ಟನೆ ಹಾರಿ ಪ್ಯಾಂಟಿನ ಮಂಡಿಯ ಮೇಲೆ ಕೂತು ಕಾಸಗಲ ತೂತು ಮಾಡಿತು. ಅದನ್ನೂ ಸುಮ್ಮನೆ ನೋಡುತ್ತ ನಿಂತೆ.

"ಧರ್ಮಪುರದ ಮಾಲು ಇದು," ಎಂದು ಖಾದರ್ ಸಾಬರು ಬೈದುಕೊಂಡರು. "ದೊಡ್ಡ ಗುಂಡೀಲಿ ಸುಟ್ಟಿದ್ದು. ಅರ್ಧ ಬೂದಿ, ಅರ್ಧ ಕಟ್ಟಿಗೆ. ನಡುವೆ ಹೋಗಿ ತುಳಿಯೋರು ಇಲ್ದಿದ್ರೆ ಇನ್ನೇನಾಗ್ತೈತೆ."

ದೊಡ್ಡ ಗುಂಡಿ ಇನ್ನೂ ಇದೆಯಾ ಎಂದು ಕೇಳಿದೆ. ಈಗ ಅಲ್ಲಿ ಇರುವುದೇ ದೊಡ್ಡ ಗುಂಡಿಗಳು ಎಂದರು. ತೂತು ಬಿದ್ದ ಪ್ಯಾಂಟು ಏರಿಸಿಕೊಂಡೆ. ಹೆಣ್ಣಿನ ಊರಿನ ಬಸ್ಸು ಎದುರಿಗೇ ನಿಂತಿತ್ತು. ನಾನು ಹಿರಿಯೂರಿನ ಬಸ್ಸು ಹತ್ತಿದೆ.

ಎಪ್ಪತ್ತನಾಲ್ಕರ ಬೇಸಿಗೆಯ ಮಾತು. ನಾನು ಆಗ ಬಿ.ಎಸ್ಸಿ.ಯ ಕೊನೆಯ ವರ್ಷವನ್ನು ಬಹಳ ಇಷ್ಟಪಟ್ಟು ಎರಡು ಸಲ ಓದಿ, ಎರಡನೇ ಸಲವೂ ಕಾಲೇಜಿನವರಿಗೆ ನನ್ನನ್ನು ಬಿಟ್ಟುಕೊಡಲು ಮನಸ್ಸಾಗದೆ, ಚಿತ್ರದುರ್ಗದ ಬೀದಿಗಳಲ್ಲಿ ಬಂಡೆ ಎಣಿಸುತ್ತಿದ್ದೆ. ಅರಬ್ಬರ ಕಡೆ ಯುದ್ಧವಾಗಿ ಎಣ್ಣೆಯ ಬೆಲೆ ಏರಿ, ಸೀಮೆಎಣ್ಣೆಯ ಕ್ಯೂ ಊರಿಗಿಂತ ಉದ್ದವಾಗಿತ್ತು. ಜನ ಸ್ಟೌ ಮೂಲೆಗಿಟ್ಟು ಮತ್ತೆ ಕಟ್ಟಿಗೆ, ಇದ್ದಿಲಿಗೆ ಬಿದ್ದಿದ್ದರು. ಹೀಗೇ ಸುಟ್ಟರೆ ದೇಶದಲ್ಲಿ ಮರವೂ ಉಳಿಯುವುದಿಲ್ಲ, ಹೊಗೆಗೂ ಮಿತಿ ಇರುವುದಿಲ್ಲ ಎಂದು ದೆಹಲಿಯಲ್ಲಿ ಯಾರಿಗೋ ಚಿಂತೆ ಹತ್ತಿ ಒಂದು ಸಮಿತಿ ಆಯಿತು. ಇಡೀ ದೇಶ ಕಡಿಮೆ ಸುಡುವಂತೆ ಮಾಡುವುದು ಹೇಗೆ? ಸುಡಲೇಬಾರದು ಎಂದು ನಿಷೇಧ ಹಾಕಬೇಕೋ, ಸುಟ್ಟವರಿಗೆ ಸುಂಕ ಹಾಕಬೇಕೋ, ಇಷ್ಟೇ ಜನ ಸುಡಬಹುದು ಎಂದು ಪರ್ಮಿಟ್ಟು ಹಂಚಬೇಕೋ, ಇಲ್ಲ ಕಡಿಮೆ ಸುಡುವ ಒಳ್ಳೆಯ ಒಲೆಯನ್ನೇ ಪುಕ್ಕಟೆ ಕೊಡಬೇಕೋ? ಸಮಿತಿಯ ನಾಲ್ಕು ಜನರಿಗೆ ನಾಲ್ಕು ಅಭಿಪ್ರಾಯ. ಜಗಳ ಬಗೆಹರಿಯದೆ, ಒಂದು ಒಣ ಜಿಲ್ಲೆ ಹುಡುಕಿ ತಾಲ್ಲೂಕಿಗೊಂದರಂತೆ ನಾಲ್ಕನ್ನೂ ಒಂದು ಬೇಸಿಗೆ ಪರೀಕ್ಷೆ ಮಾಡೋಣ, ಗೆದ್ದದ್ದನ್ನು ದೇಶಕ್ಕೆ ಹಚ್ಚೋಣ ಎಂದು ತೀರ್ಮಾನಿಸಿದರು. ಔಷಧಿಯ ಗುಣ ನೋಡಲು ಇಲಿಗಳಿಗೆ ಹಾಕುತ್ತಾರಲ್ಲ, ಹಾಗೆ. ಹೊಸದುರ್ಗಕ್ಕೆ ನಿಷೇಧ, ಹೊಳಲ್ಕೆರೆಗೆ ಪರ್ಮಿಟ್ಟು, ಚಿತ್ರದುರ್ಗಕ್ಕೆ ಒಲೆ, ಹಿರಿಯೂರಿಗೆ ಸುಂಕ. ಇಲಿಗಳು ಸಿದ್ಧವಾದವು. ಅವುಗಳನ್ನು ಎಣಿಸಲು ಸೈಕಲ್ ಬರುವ ಒಬ್ಬ ಬೇಕಿದ್ದ. ನನಗೆ ಸೈಕಲ್ ಬರುತ್ತಿತ್ತು.

ಸಮಿತಿಯ ಅಧ್ಯಕ್ಷರು ಶೇಷಗಿರಿ ಸಾಹೇಬರು. ಬಿಳೀ ಕೂದಲು, ಮೆತ್ತಗಿನ ದನಿ, ಯಾರನ್ನೂ ಏಕವಚನದಲ್ಲಿ ಕರೆಯದ ಮನುಷ್ಯ. ಮೊದಲ ದಿನವೇ ನನ್ನನ್ನು ಕೂರಿಸಿಕೊಂಡು, ಮೇಲೆ ಹೋದ ಹೊಗೆ ಎಲ್ಲೂ ಮಾಯವಾಗುವುದಿಲ್ಲ, ಅದರಲ್ಲಿರುವ ಅನಿಲ ಆಕಾಶದಲ್ಲೇ ಸೇರಿ ಸೇರಿ ಒಂದು ಕಾಲಕ್ಕೆ ಭೂಮಿಗೆ ಕಂಬಳಿ ಹೊದಿಸಿದ ಹಾಗಾಗಿ ಸೆಕೆ ಹೆಚ್ಚುತ್ತದೆ, ವಿಜ್ಞಾನಿಗಳು ಈಗಲೇ ಹೇಳುತ್ತಿದ್ದಾರೆ ಎಂದರು. ನಾನು ಕೈಕಟ್ಟಿಕೊಂಡು ತಲೆಯಾಡಿಸಿದೆ, ಹೊರಗೆ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ಹೋದ ಊರಲ್ಲೆಲ್ಲ ಇದನ್ನೇ ಜೋಕಾಗಿ ಹೇಳುತ್ತಿದ್ದೆ. ಕುರಿ ಕಾಯುವ ಮುದುಕನೊಬ್ಬ ಮಾತ್ರ ನಗದೆ, ಅಷ್ಟು ದೊಡ್ಡ ಕಂಬಳಿಯನ್ನು ಒಂದು ಸಲ ಹೊದಿಸಿದರೆ ಆಮೇಲೆ ತೆಗೆಯುವವರು ಯಾರು ಎಂದು ಕೇಳಿದ.

ಕೆಲಸ ಶುರುವಾಯಿತು. ನನ್ನ ಪರಾಕ್ರಮಗಳೂ ಶುರುವಾದವು. ಹೊಸದುರ್ಗ ತಾಲ್ಲೂಕಿನಲ್ಲಿ ಪೂರ್ತಿ ನಿಷೇಧವಿತ್ತು, ಹಾಗಾಗಿ ಹೊಗೆ ಕಂಡ ಕಡೆಯೆಲ್ಲ ನಾನು ಹೋಗಿ ನೋಡಬೇಕಿತ್ತು. ಮತ್ತೋಡಿನ ಹೊರಗೆ ಒಂದು ಬೆಳಿಗ್ಗೆ ಹಳ್ಳದ ಮರೆಯಲ್ಲಿ ದಪ್ಪ ಹೊಗೆ ಎದ್ದಿತ್ತು. ಸೈಕಲ್ ಮಲಗಿಸಿ, ಲಂಟಾನದ ಪೊದೆಯಲ್ಲಿ ಹೊಟ್ಟೆಯ ಮೇಲೆ ತೆವಳಿ, ಅಂಗಿ ಹರಿದುಕೊಂಡು, ಛಂಗನೆ ಎದ್ದು ನಿಂತು, ಯಾರ ಅಪ್ಪಣೆ ತಗೊಂಡು ಸುಡುತ್ತಿದ್ದೀರಿ ಎಂದು ಗದರಿದೆ. ಹತ್ತಿಪ್ಪತ್ತು ಜನ ತಲೆ ಎತ್ತಿ ನೋಡಿದರು. ಚಿತೆಯ ಮುಂದೆ ಮಡಕೆ ಹಿಡಿದು ನಿಂತಿದ್ದವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಮ್ಮಪ್ಪುಂದು ಕಣಪ್ಪ. ಅವ್ನೇ ಹೇಳಿ ಹೋಗಿದ್ದ, ಹೂಳಬ್ಯಾಡ್ರಿ ಸುಡ್ರಿ ಅಂತ," ಎಂದ. ನಾನು ಕೈಮುಗಿದು, ನಾಲ್ಕು ಹೆಜ್ಜೆ ಹಿಂದೆ ನಡೆದು, ಅದೇ ಲಂಟಾನಕ್ಕೆ ಬಿದ್ದೆ.

ಚಿತ್ರದುರ್ಗದಲ್ಲಿ ಹೊಗೆಯಿಲ್ಲದ ಒಲೆ ಹಂಚುವಾಗ ಮಾದರಿಗೆಂದು ನನ್ನ ಬಾಡಿಗೆ ಮನೆಯ ಯಜಮಾನಿತಿಗೇ ಒಂದನ್ನು ಕಟ್ಟಿಕೊಟ್ಟೆ. ಒಲೆಯಲ್ಲಿ ನಿಜವಾಗಿಯೂ ಹೊಗೆಯಿರಲಿಲ್ಲ. ನಾನು ಕೊಳವೆ ತಿರುಗಿಸಿದ್ದ ದಿಕ್ಕಿನಿಂದಾಗಿ ಅಷ್ಟೂ ಹೊಗೆ ಗೋಡೆಯಾಚೆಯ ಮನೆಯಲ್ಲಿತ್ತು. ಮಿಕ್ಕವರ ಮನೆಗಳಲ್ಲಿ ಒಲೆಗಳು ಬಹಳ ಉಪಯೋಗಕ್ಕೆ ಬಂದವು. ಕೋಳಿಗಳು ಅವುಗಳೊಳಗೆ ಕಾವಿಗೆ ಕೂತವು. ಹೊಳಲ್ಕೆರೆಯಲ್ಲಿ ಪರ್ಮಿಟ್ಟನ್ನು ಬೇಕಾದರೆ ಒಬ್ಬರು ಇನ್ನೊಬ್ಬರಿಗೆ ಮಾರಬಹುದು ಎಂದು ನಿಯಮವಿತ್ತು. ಮೂರೇ ವಾರದಲ್ಲಿ ಎಲ್ಲ ಪರ್ಮಿಟ್ಟೂ ಒಬ್ಬ ಹೋಟೆಲಿನವನ ಗಲ್ಲಾದೊಳಗೆ ಹೋಗಿ ಕೂತವು. ಸುಡುವುದು ಬಿಟ್ಟು ಬೇರೇನೂ ಗೊತ್ತಿಲ್ಲದವರು ಹೆಂಡತಿ ಮಕ್ಕಳನ್ನು ಕರೆದುಕೊಂಡು ಎಲ್ಲಿಗೋ ಹೋದರು. ಎಲ್ಲಿಗೆಂದು ಎಣಿಸಲು ನನಗೆ ಯಾರೂ ಹೇಳಿರಲಿಲ್ಲ.

ಹಿರಿಯೂರು ತಾಲ್ಲೂಕಿನ ಧರ್ಮಪುರದ ಕಡೆ ನನಗೆ ಹೆಚ್ಚು ಇಷ್ಟವಾಗುತ್ತಿತ್ತು. ಕಡಲೆಕಾಯಿ ಕಿತ್ತ ಕೆಂಪು ಹೊಲಗಳು, ಆಚೆಗೆ ಆಂಧ್ರದ ಗುಡ್ಡಗಳು, ಅರ್ಧ ಕನ್ನಡ ಅರ್ಧ ತೆಲುಗು ಮಾತು, ಮತ್ತು ಬಿಸಿಲು. ಅಲ್ಲಿನ ಬಿಸಿಲಿಗೆ ನನ್ನ ಸೈಕಲ್ಲಿನ ಟ್ಯೂಬು ತಾನಾಗಿಯೇ ಪಂಕ್ಚರ್ ಆಗಿ ನಿಟ್ಟುಸಿರು ಬಿಡುತ್ತಿತ್ತು. ಊರ ಹೊರಗೆ ನಾಲ್ಕು ಮನೆಯವರು ಇದ್ದಿಲು ಸುಡುತ್ತಿದ್ದರು. ಮೊದಲನೆಯದು ತಿಪ್ಪಣ್ಣನ ಮನೆ. ತಿಪ್ಪಣ್ಣ ನನಗಿಂತ ದೊಡ್ಡ ಬಾಯಿಯವನು. ನಾನು ಒಂದು ಸುಳ್ಳು ಹೇಳಿದರೆ ಅದಕ್ಕೆ ಎರಡು ಸೇರಿಸಿ ವಾಪಸು ಕೊಡುತ್ತಿದ್ದ. ಅವನ ಹೆಂಡತಿ ಗಂಗಮ್ಮ, ಕುರಿ ಮೇಯಿಸುವವರ ಮನೆಯ ಮಗಳು. ಸಣ್ಣ ಆಳು, ಒಣಗಿದ ತೊಗರಿಕಡ್ಡಿಯಂಥ ಮೈ. ನನಗೆ ಹೊಗೆ ಮೇಷ್ಟ್ರು ಎಂದು ಹೆಸರಿಟ್ಟವಳು ಆಕೆಯೇ.

ಗುಂಡಿ ಸುಡುವುದು ಹೇಗೆಂದು ಅಲ್ಲೇ ನೋಡಿದ್ದು. ಆಳುದ್ದ ತೋಡಿದ ಗುಂಡಿಯಲ್ಲಿ ಜಾಲಿ, ಕಮರ ಮರಗಳ ತುಂಡು ಒತ್ತಾಗಿ ಜೋಡಿಸಿ, ಮೇಲೆ ಹಸಿ ಸೊಪ್ಪು ಹಾಸಿ, ಅದರ ಮೇಲೆ ಮಣ್ಣು ಮೆತ್ತಿ, ಒಂದು ಕಂಡಿಯಿಂದ ಬೆಂಕಿ ಇಡುತ್ತಾರೆ. ಒಳಗೆ ಕಟ್ಟಿಗೆ ಬೇಯುತ್ತ ಕುಗ್ಗುತ್ತದೆ. ಆಗ ಮೇಲಿನ ಮಣ್ಣು ಬಿರುಕು ಬಿಡುತ್ತದೆ. ಬಿರುಕಿನಿಂದ ಗಾಳಿ ಹೋದರೆ ಬೆಂಕಿ ಎದ್ದು ಅಷ್ಟೂ ಬೂದಿ. ಅದಕ್ಕೇ ಬಿರುಕು ಕಂಡ ಕಡೆ ಬರಿಗಾಲಲ್ಲಿ ಹೋಗಿ ಒದ್ದೆ ಮಣ್ಣು ಹಾಕಿ ತುಳಿಯಬೇಕು. ಕೆಳಗೆ ಕೆಂಡ, ಮೇಲೆ ಗೇಣು ಮಣ್ಣು, ಅದರ ಮೇಲೆ ಮನುಷ್ಯ. ಭಾರದವರು ಹೋದರೆ ಕುಸಿಯುತ್ತದೆಂದು ಮನೆಯಲ್ಲಿ ಯಾರು ಹಗುರವೋ ಅವರೇ ತುಳಿಯುವುದು ರೂಢಿ. ಗುಂಡಿಯ ಈ ದಡದಲ್ಲಿ ಒಬ್ಬ, ಆ ದಡದಲ್ಲಿ ಒಬ್ಬ ನಿಂತು ಒಂದು ಉದ್ದ ಬಿದಿರು ಹಿಡಿದಿರುತ್ತಾರೆ. ತುಳಿಯುವವರು ಅದಕ್ಕೆ ಜೋತು, ಅರ್ಧ ಭಾರ ಬಿದಿರಿಗೆ, ಅರ್ಧ ಭಾರ ಮಣ್ಣಿಗೆ ಕೊಟ್ಟು ನಡೆಯುತ್ತಾರೆ.

ಗಂಗಮ್ಮ ತುಳಿಯುವುದನ್ನು ನೋಡುವುದೇ ಒಂದು ಚೆಂದ. ಸೀರೆ ಮೇಲಕ್ಕೆ ಕಟ್ಟಿ, ಬಿದಿರು ಹಿಡಿದು, ಅಂಗಾಲಿನಿಂದ ಮಣ್ಣನ್ನು ಒತ್ತಿ ನೋಡಿ ನೋಡಿ ಹೆಜ್ಜೆ ಇಡುತ್ತಿದ್ದಳು. ಬಾಯಿ ಮಾತ್ರ ನನ್ನ ಮೇಲೆ ನಡೆಯುತ್ತಿತ್ತು. ನಾನೂ ಒಂದು ಸಲ ತುಳಿಯುತ್ತೇನೆಂದು ಹಟ ಹಿಡಿದು ಅಂಚಿನಲ್ಲಿ ಒಂದು ಹೆಜ್ಜೆ ಇಟ್ಟೆ. ಅಂಗಾಲು ಚುರ್ ಎಂದದ್ದೇ ಎರಡು ಹೊಲ ದಾಟಿ ಓಡಿ, ದನ ಕುಡಿಯುವ ತೊಟ್ಟಿಯಲ್ಲಿ ಕಾಲಿಟ್ಟುಕೊಂಡು ಕೂತೆ. ಸಂಜೆಯವರೆಗೂ ಅಲ್ಲೇ ಇದ್ದೆ ಎಂದು ತಿಪ್ಪಣ್ಣ ಊರಿಗೆಲ್ಲ ಹೇಳಿದ. ನಾನೂ ಅಲ್ಲ ಎನ್ನಲಿಲ್ಲ.

ಆಮೇಲೆ ಸುಂಕ ಬಂತು. ಇದ್ದಿಲಿನ ಮೂಟೆಗೆ ಸುಂಕ ಹಾಕಬಹುದಿತ್ತು. ಆದರೆ ಮೂಟೆ ರಾತ್ರೋರಾತ್ರಿ ಗಡಿ ದಾಟಿ ಹೋಗುತ್ತದೆ, ಗುಂಡಿ ಎಲ್ಲಿಗೂ ಹೋಗುವುದಿಲ್ಲ, ಎಣಿಸಲು ಸುಲಭ ಎಂದು ಸಾಹೇಬರು ಗುಂಡಿಗೇ ಹಾಕಿದರು. ಒಂದು ಗುಂಡಿಗೆ ಒಂದು ಸುಂಕ. ಕೇಳಿದರೆ ನ್ಯಾಯವಾಗಿಯೇ ಇತ್ತು. ನಾನೇ ಡಂಗುರದವನ ಹಾಗೆ ಹೋಗಿ ನಾಲ್ಕೂ ಮನೆಯವರಿಗೆ ಹೇಳಿದೆ. ತಿಪ್ಪಣ್ಣ ಸ್ವಲ್ಪ ಹೊತ್ತು ಬೀಡಿ ಎಳೆದ. ಆಮೇಲೆ ನಕ್ಕ.

"ಗುಂಡಿ ಎಷ್ಟಗಲ ಇರ್ಬೇಕು ಅಂತೇನಾರ ಐತಾ ಮೇಷ್ಟ್ರೆ?"

ಇರಲಿಲ್ಲ. ಮುಂದಿನ ವಾರ ನಾನು ಹೋಗುವ ಹೊತ್ತಿಗೆ ನಾಲ್ಕು ಮನೆಯವರೂ ಸೇರಿ ಒಂದೇ ಗುಂಡಿ ತೋಡಿದ್ದರು. ಗುಂಡಿಯಲ್ಲ, ಕೆರೆ. ನಾಲ್ಕು ಮನೆಯ ಬೇಸಿಗೆಯ ಅಷ್ಟೂ ಕಟ್ಟಿಗೆ ಅದಕ್ಕೆ. ತಿಪ್ಪಣ್ಣ ಅದರ ದಡದ ಮೇಲೆ ಮದುವೆ ಗಂಡಿನಂತೆ ಓಡಾಡುತ್ತಿದ್ದ. ದೆಹಲಿಯವರ ಬುದ್ಧಿಯನ್ನು ಧರ್ಮಪುರದ ಗುದ್ದಲಿ ಸೋಲಿಸಿತೆಂದು ನಾನೂ ಅವನೂ ಬೆನ್ನು ಚಪ್ಪರಿಸಿಕೊಂಡು ನಕ್ಕೆವು. ನಾಲ್ಕು ಗುಂಡಿ ಇದ್ದ ಕಡೆ ಒಂದು ಗುಂಡಿ ಎಂದು ಬರೆದುಕೊಂಡೆ. ತಾಲ್ಲೂಕಿನ ಬೇರೆ ಕಡೆಯೂ ಹೀಗೇ. ಗುಂಡಿಗಳು ದಿನೇ ದಿನೇ ಕಡಿಮೆಯಾಗುತ್ತಿದ್ದವು, ಹೊಗೆ ಮಾತ್ರ ಹಾಗೇ ಇತ್ತು.

ಹೊರಡುವಾಗ ಗಂಗಮ್ಮ ಸೈಕಲ್ಲಿನ ಹ್ಯಾಂಡಲ್ ಹಿಡಿದು ನಿಲ್ಲಿಸಿದಳು. ಮೊದಲ ಸಲ ಆಕೆಯ ಮುಖದಲ್ಲಿ ತಮಾಷೆ ಇರಲಿಲ್ಲ.

"ಮೇಷ್ಟ್ರೆ, ಬಿದಿರು ಈ ದಡದಿಂದ ಆ ದಡಕ್ಕೆ ಮುಟ್ಟಲ್ಲ. ಎರಡು ಬಿದಿರು ಕಟ್ಟಿ ಹಿಡೀತೀವಿ ಅಂತಾರೆ. ನಡುವೆ ಬಿರುಕು ಬಿಟ್ರೆ ಹೋಗೋಳು ನಾನು. ನಿಮ್ಮ ಸಾಹೇಬ್ರಿಗೆ ಹೇಳ್ರಿ, ಮೂಟೆಗೇ ಹಾಕ್ಲಿ. ಅವಾಗ ಇವ್ರು ಮೊದ್ಲಿನಂಗೆ ಸಣ್ಣ ಗುಂಡಿ ತೋಡ್ತಾರೆ."

ಸುಂಕ ತಪ್ಪಿಸುವ ದಾರಿಯನ್ನು ನೀನೇ ಮುಚ್ಚುತ್ತೀಯಲ್ಲ ಎಂದೆ. ಕಾಲು ನಿಮ್ಮದಲ್ಲವಲ್ಲ ಎಂದಳು.

ನಾನು ಅವತ್ತೇ ಬಸ್ಸು ಹತ್ತಿ ಚಿತ್ರದುರ್ಗಕ್ಕೆ ಹೋದೆ. ಸಾಹೇಬರು ಪ್ರವಾಸಿ ಮಂದಿರದ ಹಜಾರದಲ್ಲಿ ಸಮಿತಿಯವರ ಜೊತೆ ಚಹಾ ಕುಡಿಯುತ್ತಿದ್ದರು. ಬಾಯಿಯಲ್ಲಿ ಹೇಳಿದರೆ ಸಾಲದೆಂದು ನನಗೆ ತೋರಿ, ಮೂಲೆಯಲ್ಲಿದ್ದ ಜೇಡರಬಲೆ ತೆಗೆಯುವ ಕೋಲು ಎತ್ತಿ, ಒಂದು ತುದಿಯನ್ನು ಜವಾನನಿಗೆ, ಇನ್ನೊಂದನ್ನು ಸಮಿತಿಯ ಸದಸ್ಯರೊಬ್ಬರಿಗೆ ಕೊಟ್ಟು, ಚಪ್ಪಲಿ ಬಿಟ್ಟು ಬೆತ್ತದ ಮೇಜಿನ ಮೇಲೆ ಹತ್ತಿ ತುಳಿದು ತೋರಿಸಿದೆ. ಮೇಜು ನಡುವೆ ಕುಸಿಯಿತು. ನಾನು ಮೊಣಕಾಲವರೆಗೆ ಬೆತ್ತದೊಳಗೆ ಹೋಗಿ, ಚಹಾದ ಕೆಟಲಿನ ಪಕ್ಕದಲ್ಲಿ ನಿಂತಿದ್ದೆ. ಎಲ್ಲರೂ ನಕ್ಕರು. ಇದಕ್ಕಿಂತ ಚೆನ್ನಾಗಿ ತೋರಿಸಲು ಯಾರಿಂದಲೂ ಆಗುತ್ತಿರಲಿಲ್ಲ, ಆದರೂ ನಕ್ಕರು. ನನ್ನ ಮುಖವೇ ಅಂಥದ್ದು.

ಸಾಹೇಬರು ಮಾತ್ರ ನಗಲಿಲ್ಲ. ನನ್ನನ್ನು ಕೈಹಿಡಿದು ಮೇಜಿನಿಂದ ಹೊರಗೆ ತೆಗೆದರು. ಹೊರಗೆ ಹುಣಸೆಮರದ ಕೆಳಗೆ ಕರೆದುಕೊಂಡು ಹೋಗಿ ಪೂರ್ತಿ ಕೇಳಿದರು.

"ಆ ತಾಯಿ ಹೇಳುತ್ತಿರುವುದು ಸರಿ ಇದೆ," ಎಂದರು. "ಆದರೆ ಪರೀಕ್ಷೆಯ ನಡುವೆ ನಿಯಮ ಬದಲಾಯಿಸಿದರೆ ನಾಲ್ಕು ತಾಲ್ಲೂಕನ್ನೂ ಹೋಲಿಸಲು ಆಗುವುದಿಲ್ಲ. ಇಡೀ ಬೇಸಿಗೆ ದಂಡ. ಮಳೆಗಾಲ ಹಿಡಿಯಲಿ, ಮೊದಲು ಅದನ್ನೇ ತಿದ್ದೋಣ."

ಅದೂ ನ್ಯಾಯವಾಗಿಯೇ ಇತ್ತು. ಆ ವರ್ಷ ನಾನು ಕೇಳಿದ್ದೆಲ್ಲ ನ್ಯಾಯವಾಗಿಯೇ ಇತ್ತು.

ಧರ್ಮಪುರಕ್ಕೆ ವಾಪಸು ಹೋದಾಗ ಗುಂಡಿಗೆ ಬೆಂಕಿ ಬಿದ್ದು ಮೂರ್ನಾಲ್ಕು ದಿನವಾಗಿತ್ತು. ಗಂಗಮ್ಮ ದೂರದಿಂದಲೇ ಹುಬ್ಬು ಹಾರಿಸಿ ಕೇಳಿದಳು. ನಾನು ತಲೆ ಅಲ್ಲಾಡಿಸಿದೆ. ಆಕೆ ಸೆರಗು ಬಿಗಿದು ಅಂಚು ತುಳಿಯತೊಡಗಿದಳು. ಮಧ್ಯಾಹ್ನ ಗಾಳಿ ಎದ್ದಿತು. ಹೊಲದಿಂದ ಹೊಲಕ್ಕೆ ಸುಳಿಗಾಳಿ ಮಣ್ಣೆಬ್ಬಿಸಿಕೊಂಡು ಓಡಾಡಿತು. ಗುಂಡಿಯ ಸರಿಯಾಗಿ ನಡುವೆ ಒಂದು ಗೆರೆ ಬಿಟ್ಟು, ತೆಳ್ಳಗಿದ್ದ ಹೊಗೆ ದಪ್ಪಗಾಗಿ, ಅದರೊಳಗಿಂದ ಒಂದು ಸಣ್ಣ ನಾಲಿಗೆ ಹೊರಗೆ ಬಂದು ಒಳಗೆ ಹೋಯಿತು. ಮೊದಲಾಗಿದ್ದರೆ ಒಂದು ಮನೆಯ ಒಂದು ಗುಂಡಿ, ಹೋದರೆ ಹೋಗಲಿ ಎನ್ನಬಹುದಿತ್ತು. ಈಗ ನಾಲ್ಕು ಮನೆಯವರೂ ದಡದಲ್ಲಿ ನಿಂತಿದ್ದರು. ಯಾರೂ ಗಂಗಮ್ಮನಿಗೆ ಹೋಗು ಎನ್ನಲಿಲ್ಲ. ಎಲ್ಲರೂ ಆಕೆಯನ್ನೇ ನೋಡುತ್ತಿದ್ದರು, ಅಷ್ಟೇ.

"ಗಟ್ಟಿಯಾಗಿ ಹಿಡ್ಕಳ್ರಿ," ಎಂದಳು ಗಂಗಮ್ಮ.

ಈ ದಡದಲ್ಲಿ ತಿಪ್ಪಣ್ಣ, ಆ ದಡದಲ್ಲಿ ಅವನ ತಮ್ಮ. ನಡುವೆ ಹಗ್ಗದಿಂದ ಕಟ್ಟಿದ ಎರಡು ಬಿದಿರು. ನನ್ನ ಕೈಯಲ್ಲಿ ಒಂದು ಕೊಡ ನೀರು ಕೊಟ್ಟಿದ್ದರು. ಆಕೆ ಒದ್ದೆ ಮಣ್ಣಿನ ಪುಟ್ಟಿ ಸೊಂಟಕ್ಕಿಟ್ಟು ನಡೆದಳು. ನಡುವೆ ಮುಟ್ಟಿದಳು. ಬಿರುಕಿಗೆ ಮಣ್ಣು ಸುರಿದಳು. ತುಳಿಯಲು ಒಂದು ಕಾಲು ಎತ್ತಿ ಅರ್ಧ ಭಾರ ಬಿದಿರಿಗೆ ಕೊಟ್ಟಾಗ ಗಂಟು ಜಾರಿತು. ಬಿದಿರು ನಡುವೆ ಮುರಿದಂತೆ ಬಾಗಿ, ಅಷ್ಟೂ ಭಾರ ಮಣ್ಣಿನ ಮೇಲೆ ಬಿತ್ತು. ಸದ್ದೇನೂ ಆಗಲಿಲ್ಲ. ಆಕೆ ಗಿಡ್ಡವಾದಳು, ಅಷ್ಟೇ. ಮೊಣಕಾಲವರೆಗೆ.

ಎಳೆದು ತೆಗೆದದ್ದು ತಿಪ್ಪಣ್ಣನ ತಮ್ಮ. ಬಿದಿರನ್ನು ಮಣ್ಣಿನ ಮೇಲೆ ಹಾಸಿ ಅದರ ಮೇಲೆ ಹೊಟ್ಟೆಯಲ್ಲಿ ತೆವಳಿಕೊಂಡು ಹೋದ. ನಾನು ಕೊಡದ ನೀರನ್ನು ಎಲ್ಲಿಗೆ ಹಾಕಬೇಕೆಂದು ತಿಳಿಯದೆ ನನ್ನ ಮೇಲೇ ಚೆಲ್ಲಿಕೊಂಡು ನಿಂತಿದ್ದೆ. ಕಡಲೆಕಾಯಿ ಲಾರಿಯೊಂದು ಸಿಕ್ಕಿತು. ಕಂಬಳಿಯಲ್ಲಿ ಸುತ್ತಿ ಮಲಗಿಸಿಕೊಂಡು ಹಿರಿಯೂರಿಗೆ ಹೋದೆವು. ದಾರಿಯಲ್ಲಿ ಆಕೆ ಅಳಲಿಲ್ಲ. ಒಂದೇ ಸಲ ಕಣ್ಣು ಬಿಟ್ಟು, "ಗುಂಡಿ ಮುಚ್ಚಿದ್ರಾ?" ಎಂದು ಕೇಳಿದಳು. ಗುಂಡಿ ಆಗಲೇ ಧಗಧಗ ಉರಿಯುತ್ತಿತ್ತು. ಲಾರಿಯ ಹಿಂದೆ ಆಕಾಶದ ಒಂದು ಮೂಲೆ ಪೂರ್ತಿ ಕಪ್ಪಾಗಿತ್ತು. ಮುಚ್ಚಿದೆವು ಎಂದು ತಿಪ್ಪಣ್ಣ ಹೇಳಿದ.

ಹಿರಿಯೂರಿನಿಂದ ಚಿತ್ರದುರ್ಗದ ಆಸ್ಪತ್ರೆಗೆ ಕಳಿಸಿದರು. ಎರಡು ಪಾದವೂ ಉಳಿಯಲಿಲ್ಲ. ಶೇಷಗಿರಿ ಸಾಹೇಬರು ಕಿತ್ತಳೆಹಣ್ಣು ತಂದು, ಮಂಚದ ಕೆಳತುದಿಯಲ್ಲಿ, ಪಾದ ಇರಬೇಕಾದ ಜಾಗದ ಹತ್ತಿರ ನಿಂತುಕೊಂಡರು. ಹೊರಗೆ ಬಂದು, ನಾನು ಎಣಿಸಿದ್ದೆಲ್ಲ ಸರಿಯಾಗಿದೆಯೇ ಎಂದು ಒಂದೇ ಮಾತು ಕೇಳಿದರು. ಸರಿಯಾಗಿತ್ತು. ಮೂರು ಪೇಪರು ಫೇಲಾದ ನಾನು ಜೀವನದಲ್ಲಿ ಮೊದಲ ಸಲ ಏನನ್ನೋ ಒಂದೂ ತಪ್ಪಿಲ್ಲದೆ ಎಣಿಸಿದ್ದೆ.

ಮಳೆಗಾಲ ಹಿಡಿಯುವ ಹೊತ್ತಿಗೆ ಸಮಿತಿ ಗಂಟುಮೂಟೆ ಕಟ್ಟಿತು. ನಿಷೇಧದ ಹೊಸದುರ್ಗದವರು ಪಕ್ಕದ ತಾಲ್ಲೂಕಿನ ಇದ್ದಿಲು ತರಿಸಿಕೊಂಡಿದ್ದರು, ಪರ್ಮಿಟ್ಟು ಹೋಟೆಲಿನವನ ಪಾಲಾಗಿತ್ತು, ಒಲೆ ಕೋಳಿಯ ಪಾಲಾಗಿತ್ತು. ಗುಂಡಿ ಎಣಿಸಿದ ಲೆಕ್ಕದಲ್ಲಿ ಸುಡುವುದು ಕಡಿಮೆಯಾದಂತೆ ಕಂಡದ್ದು ಹಿರಿಯೂರಿನಲ್ಲಿ ಮಾತ್ರ. ನಾಲ್ಕರಲ್ಲಿ ಗೆದ್ದದ್ದು ಸುಂಕ ಎಂದಾಯಿತು. ದೊಡ್ಡ ಗುಂಡಿಯ ಮಾತು, ಗಂಗಮ್ಮನ ಮಾತು ಎಲ್ಲಾದರೂ ಸೇರಿಸುತ್ತೇನೆ ಎಂದು ಸಾಹೇಬರು ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿ ರೈಲು ಹತ್ತಿದರು. ಆ ವರ್ಷದ ಕೊನೆಗೆ ಅವರು ತೀರಿಕೊಂಡರೆಂದು ಕೇಳಿದೆ. ದೇಶಕ್ಕೆ ಸುಂಕ ಬಂತೋ ಇಲ್ಲವೋ, ನನಗೆ ತಿಳಿಯಲಿಲ್ಲ. ಹಿರಿಯೂರು ತಾಲ್ಲೂಕಿಗೆ ಬಂದದ್ದು ಹೋಗಲಿಲ್ಲ. ಹಾಕಿದವರು ಹೊರಟುಹೋಗಿದ್ದರು, ತೆಗೆಯುವವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ.

ಹೋದ ತಿಂಗಳು ನಾನು ಹತ್ತಿದ ಬಸ್ಸು ಧರ್ಮಪುರ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಊರ ಹೊರಗೆ ಅದೇ ಜಾಗದಲ್ಲಿ, ಅಷ್ಟೇ ಅಗಲದ ಗುಂಡಿ ಹಳದಿ ಹೊಗೆ ಬಿಡುತ್ತಿತ್ತು. ದಡದಲ್ಲಿ ಗೋಣಿತಟ್ಟಿನ ಮೇಲೆ ಗಂಗಮ್ಮ ಕೂತಿದ್ದಳು. ತಿಪ್ಪಣ್ಣ ಬಿದಿರು ಹಿಡಿದು ನಿಂತಿದ್ದ. ನನ್ನನ್ನು ನೋಡಿ ತಲೆಯಾಡಿಸಿದ. ಸುಳ್ಳು ಹೇಳುವ ಅವನ ಬಾಯಿ ಅವತ್ತು ಲಾರಿಯಲ್ಲೇ ಮುಚ್ಚಿದ್ದು, ಇನ್ನೂ ತೆರೆದಿರಲಿಲ್ಲ. ಗಂಗಮ್ಮನದು ಹಾಗೇ ಇತ್ತು.

"ಬರ್ರಿ ಹೊಗೆ ಮೇಷ್ಟ್ರೆ, ಕುಂತ್ಕಳ್ರಿ. ಮಂಡೀಗೆ ಕಿಟಕಿ ಇಡ್ಸೀರಲ್ಲ, ಸೆಕೆ ಜಾಸ್ತಿನಾ?"

ನಿಮ್ಮ ಇದ್ದಿಲಿನದೇ ಉಡುಗೊರೆ ಎಂದೆ. ಹೆಣ್ಣು ನೋಡಲು ಹೊರಟವನು ದಾರಿ ತಪ್ಪಿ ಬಂದೆ ಎಂದೂ ಹೇಳಿದೆ. ಆಕೆ ನಕ್ಕಳು. ತಿಪ್ಪಣ್ಣನ ತಮ್ಮನಿಗೂ ಹೋದ ವರ್ಷ ಮದುವೆಯಾಯಿತಂತೆ. ಹುಡುಗಿ ರತ್ನಮ್ಮ, ಆಂಧ್ರದ ಗಡಿಯಾಚೆಯವಳು. ಮೂರು ಕಡೆ ಹೆಣ್ಣು ನೋಡಿದ್ದರಂತೆ, ಮೂವರಲ್ಲಿ ಇವಳನ್ನೇ ಯಾಕೆ ಒಪ್ಪಿದರೆಂದು ಗಂಗಮ್ಮ ಹೇಳಲಿಲ್ಲ. ಗುಂಡಿಯ ಕಡೆ ಗಲ್ಲ ಎತ್ತಿ ತೋರಿಸಿದಳು. ಹೊಗೆಯ ಆಚೆ ಬಿದಿರು ಹಿಡಿದು ಸಣ್ಣ ಆಳಿನ ಹೆಂಗಸೊಬ್ಬಳು ನಡೆಯುತ್ತಿದ್ದಳು. ಹಗುರವಾಗಿದ್ದಳು.

ಗಂಗಮ್ಮ ಐದು ವರ್ಷದ ಹಿಂದೆ ಸೈಕಲ್ಲಿನ ಹ್ಯಾಂಡಲ್ ಹಿಡಿದು ನಿಂತಾಗಿನ ದನಿಯಲ್ಲಿ ಕೇಳಿದಳು.

"ನಿಮ್ಮ ಸಾಹೇಬ್ರು ಮೂಟೆಗೆ ಹಾಕಿದ್ರಾ?"

ಆಕೆ ಕಾಯುತ್ತಿದ್ದಳು ಎಂದು ನನಗೆ ಆಗ ತಿಳಿಯಿತು. ಯಾವತ್ತಾದರೂ ಯಾರಾದರೂ ಬಂದು ಹೇಳುತ್ತಾರೆಂದು. ಇಲ್ಲ, ಇನ್ನೂ ಗುಂಡಿಗೇ ಇದೆ ಎಂದೆ.

ಆಕೆ ತಲೆಯಾಡಿಸಿ ಹೊಗೆಯ ಕಡೆ ತಿರುಗಿದಳು. "ರತ್ನಿ, ಅಂಚಿಗೇ ಇರು. ನಡುವೆ ಹೋಗಬ್ಯಾಡ ಕಣೆ."

ರತ್ನಮ್ಮ ಓಗೊಟ್ಟಳು. ದನಿ ನಡುವಿನಿಂದ ಬಂತು.